ತಾನೇ ತನಗೊಂದು ಮ್ಯೂಸಿಯಂ: ಆಂಟಿಗಾದ ಫ್ರಾಂಕ್ ವಾಲ್ಟರ್ ಪ್ರಕರಣ

ಮೊದಲು ಲೆಕ್ಕ ನೋಡಿಬಿಡೋಣ. ಸುಮಾರು 5000 ವರ್ಣಚಿತ್ರ. 1000 ರೇಖಾಚಿತ್ರ. 600 ಶಿಲ್ಪ. 2000 ಫೋಟೊ. 468 ಗಂಟೆಗಳ ಧ್ವನಿಮುದ್ರಣ. ಇದರ ಜೊತೆಗೆ 50,000 ಪುಟ ಬರವಣಿಗೆ. ಇದು ಯಾವುದೋ ಸಂಸ್ಥೆಯ ದಾಸ್ತಾನಲ್ಲ. ಒಬ್ಬನೇ ಒಬ್ಬ ಮನುಷ್ಯ ಬಿಟ್ಟುಹೋದದ್ದು. ಕೊನೆಗಾಲದಲ್ಲಿ ಆತ ಇದ್ದ ಮನೆಗೆ ಕರೆಂಟ್ ಇರಲಿಲ್ಲ, ನಲ್ಲಿ ನೀರೂ ಇರಲಿಲ್ಲ.

ಐವತ್ತು ವರ್ಷ ಕೆಲಸ ಮಾಡಿದ ಅಂತಲೇ ಹಿಡಿಯೋಣ. ವರ್ಷಕ್ಕೆ ನೂರು ಚಿತ್ರ, ಸಾವಿರ ಪುಟ ಆಯಿತು. ಮೂರು-ನಾಲ್ಕು ದಿನಕ್ಕೊಂದು ಚಿತ್ರ, ದಿನಕ್ಕೆ ಹೆಚ್ಚುಕಡಿಮೆ ಮೂರು ಪುಟ. ಹಬ್ಬಹುಣ್ಣಿಮೆ, ಜ್ವರಗಿರ ಯಾವುದನ್ನೂ ಕಳೆಯದೆ. ಸುಮ್ನೆ ಹವ್ಯಾಸಕ್ಕೆ ಯಾರೂ ಹೀಗೆ ಕೂರುವುದಿಲ್ಲ.

ಆತನ ಪೂರ್ತಿ ಹೆಸರು ಫ್ರಾನ್ಸಿಸ್ ಆರ್ಚಿಬಾಲ್ಡ್ ವೆಂಟ್‌ವರ್ತ್ ವಾಲ್ಟರ್. ಹುಟ್ಟಿದ್ದು 1926ರ ಸೆಪ್ಟೆಂಬರ್ 11ರಂದು, ಕೆರಿಬಿಯನ್ ಸಮುದ್ರದ ಆಂಟಿಗಾ ದ್ವೀಪದಲ್ಲಿ. ತೀರಿಕೊಂಡದ್ದು 2009ರ ಫೆಬ್ರವರಿಯಲ್ಲಿ. ಆಗ ಹೊರಗಿನ ಕಲಾಲೋಕಕ್ಕೆ ಆತನ ಹೆಸರೇ ಗೊತ್ತಿರಲಿಲ್ಲ. ಎಂಟು ವರ್ಷದ ನಂತರ, 2017ರಲ್ಲಿ, ಆಂಟಿಗಾ ಮತ್ತು ಬಾರ್ಬುಡಾ ದೇಶ ವೆನಿಸ್ ಬಿಯೆನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಮೇಳ) ಮೊದಲ ಸಲ ತನ್ನದೇ ಮಂಟಪ ತೆರೆಯಿತು. ಅದರ ತುಂಬ ಇದ್ದದ್ದು ಇವನೊಬ್ಬನ ಕೆಲಸ.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ಬಗೆ ಒಂದಿದೆ. ಗುಡ್ಡದ ಮೇಲೊಬ್ಬ ಹುಚ್ಚು ಪ್ರತಿಭೆ, ಯಾರಿಗೂ ಗೊತ್ತಿಲ್ಲದೆ ಚಿತ್ರ ಬರೆಯುತ್ತಿದ್ದ, ಯಾರೋ ಕಂಡುಹಿಡಿದರು, ಜಗತ್ತು ಬೆರಗಾಯಿತು. ಕೇಳಲು ಚೆನ್ನಾಗಿದೆ. ಆದರೆ ಬಿಡಿಬಿಡಿಯಾಗಿ ನೋಡಿದರೆ ಈ ಪ್ರಕರಣ ಹಾಗಿಲ್ಲ. ವಾಲ್ಟರ್ ಅಡಗಿ ಕೂತ ಸನ್ಯಾಸಿಯಲ್ಲ. ಮ್ಯಾನೇಜರ್ ಆಗಿದ್ದ, ಗಣಿಯಲ್ಲಿ ದುಡಿದ, ಜಮೀನು ಹಸನು ಮಾಡಿದ, ಅಂಗಡಿ ಇಟ್ಟ, ಚುನಾವಣೆಗೆ ನಿಂತ. ಒಂದೊಂದು ಬಾಗಿಲೂ ಮುಚ್ಚಿಕೊಂಡಿತು. ಮುಚ್ಚಿದ ಬಾಗಿಲಿನ ಒಳಗೆ ಏನಿರಬೇಕಿತ್ತೋ ಅದನ್ನು ಆತ ಹೊರಗೆ ನಿಂತು ತಾನೇ ಮಾಡಿಕೊಂಡ. ಚಿತ್ರ ಅದರಲ್ಲಿ ಒಂದು ಪಾಲು, ಅಷ್ಟೆ.

ಕಬ್ಬಿನ ದ್ವೀಪ

ಆಂಟಿಗಾ ಅಂದರೆ ನಮಗೆ ತಕ್ಷಣ ನೆನಪಾಗುವುದು ವಿವಿಯನ್ ರಿಚರ್ಡ್ಸ್, ಆಂಡಿ ರಾಬರ್ಟ್ಸ್, ಕರ್ಟ್ಲಿ ಆಂಬ್ರೋಸ್. ಮೂವರೂ ಆ ಪುಟ್ಟ ದ್ವೀಪದವರು. ದ್ವೀಪದ ವಿಸ್ತೀರ್ಣ ಸುಮಾರು 280 ಚದರ ಕಿಲೋಮೀಟರ್. ಕ್ರಿಕೆಟ್ಟಿಗಿಂತ ಮುಂಚೆ ಅಲ್ಲಿ ಇದ್ದದ್ದು ಕಬ್ಬು. 17ನೇ ಶತಮಾನದಿಂದ ಇಂಗ್ಲಿಷರು ಆಫ್ರಿಕಾದಿಂದ ಜನರನ್ನು ಹಿಡಿದು ತಂದು, ಗುಲಾಮರನ್ನಾಗಿ ಮಾಡಿ ಕಬ್ಬಿನ ತೋಟ ನಡೆಸಿದರು. ಕಬ್ಬು ಅರೆಯುತ್ತಿದ್ದ ಗಾಳಿ ಗಿರಣಿಗಳ ಕಲ್ಲುಗೋಪುರಗಳು ಇವತ್ತಿಗೂ ದ್ವೀಪದ ತುಂಬ ಮೊಂಡಾಗಿ ನಿಂತಿವೆ.

1834ರಲ್ಲಿ ಗುಲಾಮಗಿರಿ ಹೋಯಿತು. ಭೂಮಿ ಮಾತ್ರ ತೋಟದ ಮಾಲೀಕರ ಕೈಯಲ್ಲೇ ಉಳಿಯಿತು. ಬಿಡುಗಡೆಯಾದವರು ಕಟ್ಟಿಕೊಂಡ ಮೊದಮೊದಲ ಊರುಗಳಲ್ಲಿ ಒಂದು ಲಿಬರ್ಟಾ. ಹೆಸರೇ ಹೇಳುತ್ತದೆ, ಅಲ್ವಾ? ವಾಲ್ಟರ್ ಹುಟ್ಟಿ ಬೆಳೆದದ್ದು ಆ ಕಡೆಯಲ್ಲೇ.

ಆತನ ರಕ್ತದಲ್ಲಿ ಎರಡೂ ಕಡೆಯವರಿದ್ದರು. ಗುಲಾಮರೂ ಇದ್ದರು, ಗುಲಾಮರನ್ನು ಇಟ್ಟುಕೊಂಡವರೂ ಇದ್ದರು. ಮನೆಯಲ್ಲಿ ಅಜ್ಜಿಯಂದಿರು ಹೇಳುತ್ತಿದ್ದದ್ದು ಜಾಸ್ತಿ ಎರಡನೆಯವರ ಕಥೆ: ಯುರೋಪಿನ ಪೂರ್ವಿಕರು, ಜರ್ಮನ್ ಮೂಲ, ದೊಡ್ಡ ಮನೆತನ. ಹುಡುಗ ಚುರುಕಾಗಿದ್ದ. ಆಂಟಿಗಾ ಗ್ರಾಮರ್ ಸ್ಕೂಲಿನಲ್ಲಿ ಲ್ಯಾಟಿನ್, ಇತಿಹಾಸ, ಬೇರೆ ಭಾಷೆಗಳು ಎಲ್ಲದರಲ್ಲೂ ಮುಂದು. ‘ಸ್ವಯಂ ಕಲಿತ ಕಲಾವಿದ’ ಎಂಬ ಮಾತನ್ನು ಇಲ್ಲಿ ಹುಷಾರಾಗಿ ಬಳಸಬೇಕು. ಕುಂಚ ಹಿಡಿಯುವುದನ್ನು ಯಾವ ಶಾಲೆಯೂ ಹೇಳಿಕೊಡಲಿಲ್ಲ, ನಿಜ. ಓದು ಬರಹದಲ್ಲಿ ಆತ ಆ ದ್ವೀಪದ ಎಷ್ಟೋ ಜನರಿಗಿಂತ ಮುಂದಿದ್ದ.

1948ರಲ್ಲಿ, 22ನೇ ವಯಸ್ಸಿಗೆ, ಸಕ್ಕರೆ ಸಿಂಡಿಕೇಟಿನ, ಅಂದರೆ ಕಬ್ಬಿನ ತೋಟಗಳ ಒಕ್ಕೂಟದ, ತೋಟಕ್ಕೆ ಮ್ಯಾನೇಜರ್ ಆದ. ಆಂಟಿಗಾದಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ಮನುಷ್ಯ ಇವನೇ. ಆ ಹೊತ್ತಿನ ಬಿಸಿಯನ್ನೂ ನೆನಪಿಡಬೇಕು. ದ್ವೀಪದಲ್ಲಿ ಕಾರ್ಮಿಕ ಸಂಘ ಗಟ್ಟಿಯಾಗುತ್ತಿತ್ತು. 1951ರಲ್ಲಿ ಬೆಥೆಸ್ಡಾ ಊರಿನ ಹುಣಸೆ ಮರದ ಕೆಳಗೆ ಸಂಘದ ನಾಯಕ ವಿ. ಸಿ. ಬರ್ಡ್ ಸಿಂಡಿಕೇಟಿನ ಮುಖ್ಯಸ್ಥನ ಎದುರು ಕೂಲಿಗಾಗಿ ನಿಂತದ್ದು ಅಲ್ಲಿನ ಪಠ್ಯದ ಕಥೆ. ವಾಲ್ಟರ್ ಕೂತಿದ್ದದ್ದು ಆಡಳಿತದ ಕಡೆ. ಚರ್ಮದ ಬಣ್ಣ ಕೂಲಿಗಳ ಕಡೆಯದು. ಈ ಇಕ್ಕಟ್ಟು ಆತನನ್ನು ಜೀವನಪೂರ್ತಿ ಬಿಡಲಿಲ್ಲ ಅಂತ ನನಗನ್ನಿಸುತ್ತದೆ.

ಆತ ಒಳ್ಳೆಯ ಮ್ಯಾನೇಜರ್. ಇನ್ನೂ ಮೇಲಿನ ಹುದ್ದೆ ಎದುರಿಗಿತ್ತು. ಬೇಡ ಅಂದ. ಯುರೋಪಿಗೆ ಹೋಗಿ ಹೊಸ ಯಂತ್ರ, ಹೊಸ ಬೇಸಾಯ ಕಲಿತು ಬಂದು ದ್ವೀಪದ ಕಬ್ಬನ್ನೇ ಬದಲಿಸಬೇಕು, ಆಳುಗಳ ಬೆನ್ನು ಮುರಿಯುವ ಕೆಲಸ ಕಡಿಮೆಯಾಗಬೇಕು ಎಂಬುದು ಆತನ ಲೆಕ್ಕ. 1953ರಲ್ಲಿ ಹಡಗು ಹತ್ತಿದ. ಗಮನಿಸಿ, ಚಿತ್ರಕಲೆ ಕಲಿಯಲು ಅಲ್ಲ. ಹೊರಟದ್ದು ಬೇಸಾಯಗಾರನಾಗಿ.

ಎಂಟು ವರ್ಷದ ಚಳಿ

ಇಂಗ್ಲೆಂಡಿನಲ್ಲಿ ಆತನಿಗೆ ಕಾದಿದ್ದದ್ದು ಪೊರಕೆ. ಆಂಟಿಗಾದಲ್ಲಿ ಮ್ಯಾನೇಜರ್ ಆಗಿದ್ದವನು ಇಲ್ಲಿ ಕಾರ್ಖಾನೆಯ ನೆಲ ಗುಡಿಸಿದ. ಸ್ಟೋಕ್-ಆನ್-ಟ್ರೆಂಟ್ ಕಡೆ ಕಲ್ಲಿದ್ದಲು ಗಣಿಗೆ ಇಳಿದ. ಜರ್ಮನಿಗೂ ಹೋಗಿ ದುಡಿದ. ಅದು ವೆಸ್ಟ್ ಇಂಡೀಸಿನಿಂದ ಬಂದವರಿಗೆ ಬಾಡಿಗೆ ಕೋಣೆ ಸಿಗುವುದೇ ಕಷ್ಟವಾಗಿದ್ದ ಕಾಲ. ‘ತಾಯ್ನಾಡು’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದ ದೇಶ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿತ್ತು. ಹೊಟ್ಟೆಗಿಲ್ಲದ ದಿನಗಳೂ ಇದ್ದವು. ಹಸಿವು, ಒಂಟಿತನ ಎರಡೂ ಸೇರಿ ಕಣ್ಣಿಗೆ ಏನೇನೋ ಕಾಣತೊಡಗಿತು.

ಬೆಚ್ಚಗಿದ್ದ, ದುಡ್ಡು ಕೇಳದ ಜಾಗ ಅಂದರೆ ಸಾರ್ವಜನಿಕ ಗ್ರಂಥಾಲಯ. ಬಿಡುವು ಸಿಕ್ಕಾಗಲೆಲ್ಲ ಅಲ್ಲಿ ಕೂತು ಓದಿದ. ಬರೆದ. ತನ್ನ ವಂಶ ಹುಡುಕಿದ. ಹುಡುಕುತ್ತ ಹೋದಂತೆ ಎಳೆ ಉದ್ದವಾಯಿತು. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ನಿಗೆ ಲೂಸಿ ವಾಲ್ಟರ್ ಎಂಬ ಪ್ರೇಯಸಿ ಇದ್ದಳು. ಇದು ಇತಿಹಾಸ. ಅವರ ಮಗ ಮನ್ಮತ್‌ನ ಡ್ಯೂಕ್. ಅವನು ಸ್ಕಾಟ್ಲೆಂಡಿನ ಬಕ್ಲೂ ಮನೆತನದ ಆನ್ ಸ್ಕಾಟ್‌ಳನ್ನು ಮದುವೆಯಾದ. ಇದೂ ಇತಿಹಾಸವೇ. ತನ್ನ ಅಡ್ಡಹೆಸರೂ ವಾಲ್ಟರ್. ಅಲ್ಲಿಂದ ಮುಂದಿನ ಜಿಗಿತ ಮಾತ್ರ ನಮ್ಮ ಫ್ರಾಂಕ್‌ನದು: ನಾನು ಆ ರಾಜವಂಶದವನು.

1960ರ ಹೊತ್ತಿಗೆ ಸ್ಕಾಟ್ಲೆಂಡಿಗೂ ಹೋಗಿಬಂದ. ಆ ಬೆಟ್ಟ, ಮಂಜು, ಕಪ್ಪು ಮರಗಳು ಆಮೇಲೆ ದಶಕಗಟ್ಟಲೆ ಆತನ ಚಿತ್ರಗಳಲ್ಲಿ ಬರುತ್ತಲೇ ಇದ್ದವು. ಬಿಸಿಲಿನ ದ್ವೀಪದಲ್ಲಿ ಕೂತು, ನೆನಪಿನಿಂದ.

25 ಎಕರೆ

1961ರಲ್ಲಿ ವಾಪಸ್ ಬಂದ. ಆಮೇಲೆ ಸೇರಿಕೊಂಡದ್ದು ಡೊಮಿನಿಕಾ ದ್ವೀಪವನ್ನು. ಆಂಟಿಗಾದವರು ನಮ್ಮಲ್ಲಿ 365 ಕಡಲತೀರ ಇವೆ, ದಿನಕ್ಕೊಂದು ಅನ್ನುತ್ತಾರೆ. ಡೊಮಿನಿಕಾದವರು ನಮ್ಮಲ್ಲಿ 365 ನದಿ ಅನ್ನುತ್ತಾರೆ. ಎರಡು ದ್ವೀಪಗಳ ವ್ಯತ್ಯಾಸ ಇಷ್ಟರಲ್ಲೇ ಗೊತ್ತಾಗುತ್ತದೆ. ಆಂಟಿಗಾ ತಗ್ಗು, ಒಣ, ಮಳೆಗೆ ಕಾಯುವ ನೆಲ. ಡೊಮಿನಿಕಾ ಕಡಿದಾದ ಬೆಟ್ಟ, ದಟ್ಟ ಕಾಡು.

ಅಲ್ಲಿ ಸಿಕ್ಕ 25 ಎಕರೆಗೆ ಆತ ‘ಮೌಂಟ್ ಒಲಿಂಪಸ್’ ಅಂತ ಹೆಸರಿಟ್ಟ. ಮರ ಕಡಿದು ನೆಲ ಹಸನು ಮಾಡತೊಡಗಿದ. ಕಡಿದ ಮರದಿಂದ ಇದ್ದಿಲು ಸುಟ್ಟ. ಸುಡಲು ಮನಸ್ಸು ಬಾರದ ತುಂಡುಗಳನ್ನು ಕೆತ್ತಿದ. ಆತನ ಶಿಲ್ಪದ ಕಥೆಗೆ ಕಸುವು ಬಂದದ್ದು ಇಲ್ಲಿಂದ. ಕಲಾಶಾಲೆಯ ಕಲ್ಲು, ಕಂಚು ಯಾವುದೂ ಅಲ್ಲ. ಹೊಲ ಮಾಡುವವನ ಕೈಗೆ ಸಿಕ್ಕ ಕಟ್ಟಿಗೆ. ಮರದ ಗಂಟು, ತಿರುವು ಎಲ್ಲಿ ಹೋಗುತ್ತದೋ ಆಕಾರವೂ ಆ ಕಡೆಗೇ ಹೋಗುತ್ತದೆ. ಮನುಷ್ಯರು, ಪ್ರಾಣಿಗಳು, ಹೆಚ್ಚಿನವು ಕೈಯಲ್ಲಿ ಹಿಡಿಯುವಷ್ಟು ಸಣ್ಣವು.

ನನಗೆ ಇಡೀ ಪ್ರಕರಣದಲ್ಲಿ ತುಂಬ ಹಿಡಿಸುವ ಭಾಗ ಇದು. ಇಲ್ಲಿ ರೈತ, ಶಿಲ್ಪಿ, ಇದ್ದಿಲು ಸುಡುವವನು ಮೂವರೂ ಒಬ್ಬನೇ. ಮರ ಒಂದೇ. ಯಾವ ತುಂಡು ಒಲೆಗೆ, ಯಾವ ತುಂಡು ಉಳಿಗೆ ಅಂತ ದಿನವೂ ಒಬ್ಬನೇ ಕೂತು ತೀರ್ಮಾನಿಸುತ್ತಿದ್ದ.

ಬಹಳ ದಿನ ನಡೆಯಲಿಲ್ಲ. ಹಸನಾದ ಮೇಲೆ ಸರ್ಕಾರ ಜಮೀನು ವಾಪಸ್ ತೆಗೆದುಕೊಂಡಿತು. 1968ರ ಹೊತ್ತಿಗೆ ಬರಿಗೈಯಲ್ಲಿ ಆಂಟಿಗಾಕ್ಕೆ ಬಂದ. ಬರಿಗೈ ಅನ್ನುವುದೂ ತಪ್ಪು, ಕೈಯಲ್ಲಿ ಕೆತ್ತನೆ ಇತ್ತು.

ಪ್ರಧಾನಿಯಾಗಬೇಕೆಂದ

ಈ ಭಾಗವನ್ನು ಬೇಗ ಹೇಳಿಬಿಡುತ್ತೇನೆ. 1971ರ ಚುನಾವಣೆಗೆ ವಾಲ್ಟರ್ ತನ್ನದೇ ಪಕ್ಷ ಕಟ್ಟಿ, ದೇಶದ ಚುಕ್ಕಾಣಿ ತನಗೆ ಬೇಕೆಂದು ಹೊರಟ. ಸೋತ. ಆ ಚುನಾವಣೆಯಲ್ಲಿ ಬರ್ಡ್ ಕೂಡ ಸೋತು, ಪ್ರೀಮಿಯರ್ (ಆಗ ಅಲ್ಲಿ ಸರ್ಕಾರದ ಮುಖ್ಯಸ್ಥನಿಗೆ ಇದ್ದ ಹೆಸರು) ಆದವನು ಜಾರ್ಜ್ ವಾಲ್ಟರ್. ಅಡ್ಡಹೆಸರು ಅದೇ. ಗೆದ್ದ ವಾಲ್ಟರ್ ಬೇರೆ. ಅದೇ ಕಾಲಕ್ಕೆ ದ್ವೀಪದ ಸಕ್ಕರೆ ಉದ್ಯಮವೂ ನೆಲ ಕಚ್ಚಿತು. ಯಾವ ಕಬ್ಬನ್ನು ಸುಧಾರಿಸಲು ಯುರೋಪಿಗೆ ಹೋಗಿದ್ದನೋ ಆ ಕಬ್ಬೇ ಇಲ್ಲವಾಯಿತು.

ಆಮೇಲೆ ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ ಫೋಟೊ ಅಂಗಡಿ ಇಟ್ಟ. ಫ್ರೇಮು ಕಟ್ಟಿದ, ಕೆತ್ತಿದ, ಬರೆದ, ಹಾಡಿದ, ಟೇಪಿನಲ್ಲಿ ಮಾತಾಡಿದ.

ಅಂಗೈಯಷ್ಟು ಚಿತ್ರ

ಈಗ ಚಿತ್ರಗಳಿಗೆ ಬರೋಣ. ಪರದೆಯ ಮೇಲೆ ನೋಡುವಾಗ ಒಂದು ಮೋಸ ಆಗುತ್ತದೆ. ಗಾತ್ರ ಗೊತ್ತಾಗುವುದಿಲ್ಲ. ಒಂದು ಕೆಂಪು ಆಕಾಶ, ಕೆಳಗೆ ಕಪ್ಪು ನೀರಿನ ಪಟ್ಟಿ, ಒಂದು ಒಂಟಿ ಮರ. ಗೋಡೆ ತುಂಬುವ ಚಿತ್ರ ಅನ್ನಿಸುತ್ತದೆ. ಎಷ್ಟೋ ಸಲ ಅದು ಅಂಗೈಯಷ್ಟೇ ಇರುತ್ತದೆ. ಪೋಲರಾಯ್ಡ್ ಫಿಲ್ಮ್ ಬರುತ್ತಿದ್ದ ಡಬ್ಬಿಯ ರಟ್ಟಿನ ಮೇಲೆ ಬರೆದದ್ದು. ಫೋಟೊ ಅಂಗಡಿಯವನಿಗೆ ಅದಕ್ಕೇನು ಕೊರತೆ? ಫೋಟೊದ ಹಿಂಬದಿ, ಲಿನೋಲಿಯಂ ಹಾಸಿನ ತುಂಡು, ಮರದ ಹೊಟ್ಟಿನ ಹಲಗೆ, ಯಾವುದು ಸಿಕ್ಕರೆ ಅದು.

ಬಡತನಕ್ಕೆ ಹೀಗೆ ಮಾಡಿದ ಅಂತ ಹೇಳಿ ಮುಗಿಸಿಬಿಡಬಹುದು. ಬಡತನ ಇತ್ತು ಕೂಡ. ಆದರೆ ಆ ಸಣ್ಣ ಅಳತೆಯೊಳಗೆ ಆತ ಮಾಡಿರುವುದನ್ನು ನೋಡಬೇಕು. ದಿಗಂತವನ್ನು ಕೆಳಕ್ಕೋ ಮೇಲಕ್ಕೋ ಎಳೆದು ಆಕಾಶಕ್ಕೆ ಇಲ್ಲವೇ ನೀರಿಗೆ ಜಾಗ ಬಿಡುತ್ತಾನೆ. ಹೆಚ್ಚು ಬಣ್ಣ ಇಲ್ಲ, ಹೆಚ್ಚು ವಿವರ ಇಲ್ಲ. ಎಲೆ ಎಣಿಸುವ ಹಾಗೆ ಬರೆಯುವುದಿಲ್ಲ. ನಾಲ್ಕು ಎಳೆತದಲ್ಲಿ ತೆಂಗಿನ ಮರ, ಎರಡು ಎಳೆತದಲ್ಲಿ ದೋಣಿ. ಕೆಲವು ಚಿತ್ರ ದುಂಡಗಿವೆ, ಹಡಗಿನ ಕಿಟಕಿಯಿಂದಲೋ ದೂರದರ್ಶಕದಿಂದಲೋ ನೋಡಿದ ಹಾಗೆ. ಮನುಷ್ಯರಿದ್ದರೆ ಒಬ್ಬರೋ ಇಬ್ಬರೋ, ಸಣ್ಣಗೆ, ಎಷ್ಟೋ ಸಲ ನಮಗೆ ಬೆನ್ನು ಹಾಕಿ.

ಇದೇ ಕೈ ಬೇರೆ ಚಿತ್ರಗಳನ್ನೂ ಬರೆದಿದೆ. ಕ್ಷೀರಪಥದ ಒಂದು ಸರಣಿ. ಗೆರೆ, ವೃತ್ತ, ಬಣ್ಣಗಳ ಅಮೂರ್ತ ಲೆಕ್ಕಾಚಾರ. ಅದಕ್ಕೆ ಆತನೇ ಇಟ್ಟ ಹೆಸರು ‘ಸೈಕೊ ಜಿಯೊಮೆಟ್ರಿಕ್ಸ್’. ರಾಜಲಾಂಛನಗಳು. ಚಾರ್ಲ್ಸ್ ಮತ್ತು ಡಯಾನ ಆದಮ್-ಈವ್ ಆಗಿರುವ ಚಿತ್ರ. ಹಿಟ್ಲರ್ ಕ್ರಿಕೆಟ್ ಆಡುವ ಚಿತ್ರ! ಇದನ್ನು ಕೇಳಿ ಮೊದಲು ನಗು ಬಂತು. ಆಮೇಲೆ, ಕ್ರಿಕೆಟ್ಟನ್ನೇ ಉಸಿರಾಡುವ ದ್ವೀಪದವನೊಬ್ಬ ಯುರೋಪಿನ ಅಧಿಕಾರವನ್ನು ತನ್ನ ಮೈದಾನಕ್ಕೆ ಕರೆದು ನಿಲ್ಲಿಸಿದ್ದಾನಲ್ಲ ಅನ್ನಿಸಿತು.

ಈತನ ಆಕಾಶ-ನೀರಿನ ಚಿತ್ರಗಳೇ ನನಗೆ ದೊಡ್ಡವು. ಅಮೂರ್ತ ಚಿತ್ರಗಳು ಬುದ್ಧಿಯ ಕೆಲಸ, ಒಮ್ಮೊಮ್ಮೆ ಬಿಗಿ ಜಾಸ್ತಿ. ಒಂಟಿ ಮರದ ಚಿತ್ರದ ಮುಂದೆ ವಾದಕ್ಕೇನೂ ಉಳಿಯುವುದಿಲ್ಲ.

ರಾಜಕುಮಾರನ ಸಮಸ್ಯೆ

ವಾಲ್ಟರ್ ತನಗೆ ತಾನೇ ಬಿರುದು ಕೊಟ್ಟುಕೊಂಡಿದ್ದ: ವೆಸ್ಟ್ ಇಂಡೀಸಿನ ಏಳನೇ ರಾಜಕುಮಾರ, ಲಾರ್ಡ್ ಆಫ್ ಫಾಲೀಸ್ ಆ್ಯಂಡ್ ದ ಡಿಂಗ್-ಎ-ಡಿಂಗ್ ನೂಕ್. ಉದ್ದುದ್ದ ವಂಶವೃಕ್ಷ ಬರೆದ, ಯುರೋಪಿನ ರಾಜಮನೆತನಗಳಿಗೆ ಗೆರೆ ಎಳೆದ. ತನ್ನನ್ನು ಯುರೋಪಿಯನ್ ಎಂದೇ ತಿಳಿದುಕೊಂಡಿದ್ದ.

ಇಲ್ಲಿ ಬರೆಯುವವರು ಎರಡು ದಾರಿ ಹಿಡಿಯುತ್ತಾರೆ. ಒಂದು, ಇದು ಕಾಯಿಲೆ ಎಂದು ಬಿಟ್ಟುಬಿಡುವುದು. ಇನ್ನೊಂದು, ಆಹಾ ಎಂಥ ಕಲ್ಪನೆ ಎಂದು ಹೊಗಳುವುದು. ನನಗೆ ಎರಡೂ ಸಾಲದು.

ವಸಾಹತಿನ ಏಣಿಯಲ್ಲಿ ಮೇಲಿನ ಮೆಟ್ಟಿಲು ಬಿಳಿಯರದು. ಅದನ್ನು ಏರಲು ಕೆಲಸ, ಓದು, ಶಿಸ್ತು ಸಾಕು ಅಂತ ಹುಡುಗನಿಗೆ ಹೇಳಿಕೊಟ್ಟರು. ಆತ ಎಲ್ಲವನ್ನೂ ಮಾಡಿದ. ಇಂಗ್ಲೆಂಡಿನಲ್ಲಿ ಗೊತ್ತಾಯಿತು, ಅಲ್ಲಿ ಕೇಳುವುದು ಓದನ್ನಲ್ಲ, ಮೈಬಣ್ಣವನ್ನು. ಆಗ ಆತನಿಗೆ ಉಳಿದ ದಾಖಲೆ ಒಂದೇ: ರಕ್ತ. ಅದು ಪೂರ್ತಿ ಸುಳ್ಳೂ ಅಲ್ಲ. ಬಿಳಿ ಮಾಲೀಕರು ಆತನ ಪೂರ್ವಿಕರಲ್ಲಿ ನಿಜವಾಗಿಯೂ ಇದ್ದರು. ಅವರು ಮಾಡಿದ್ದನ್ನು ಆ ಕುಟುಂಬಗಳ ದಾಖಲೆ ಮುಚ್ಚಿಟ್ಟಿತ್ತು. ವಾಲ್ಟರ್ ಆ ಗೆರೆಯನ್ನು ತೆರೆದು, ಇಂಕಿನಲ್ಲಿ ದಪ್ಪ ಮಾಡಿ, ರಾಜನವರೆಗೆ ಎಳೆದುಬಿಟ್ಟ.

ಹಾಗಂತ ಇದನ್ನು ಬಂಡಾಯ ಅನ್ನಲೂ ಆಗುವುದಿಲ್ಲ. ಆತ ಏಣಿಯನ್ನು ಮುರಿಯಲಿಲ್ಲ. ಏಣಿಯ ತುದಿಯಲ್ಲಿ ತನಗೊಂದು ಕುರ್ಚಿ ಬರೆದುಕೊಂಡ. ಕಬ್ಬು ಕಡಿದ ಪೂರ್ವಿಕರಿಗಿಂತ ಕಡಿಸಿದ ಪೂರ್ವಿಕರ ಕಡೆಗೇ ವಾಲಿದ. ಓದುವವರಿಗೆ ಇದು ಇರುಸುಮುರುಸು. ಇರಲಿ. ಇದನ್ನು ನುಣುಪು ಮಾಡಿ ಹೇಳಿದರೆ ಮನುಷ್ಯನೇ ಮಾಯವಾಗುತ್ತಾನೆ.

ಯಾಕೆ ಯಾರಿಗೂ ಕಾಣಲಿಲ್ಲ?

ಕೆರಿಬಿಯನ್‌ನಲ್ಲಿ ಶಾಲೆಯಿಲ್ಲದೆ ಕಲಿತ ಕಲಾವಿದರು ಇನ್ನೂ ಇದ್ದರು. ಹೈಟಿಯ ಎಕ್ಟರ್ ಇಪೊಲೀಟ್ ವೊಡೂ ಎಂಬ ಅಲ್ಲಿನ ಧರ್ಮದ ಪೂಜಾರಿ. 1944ರಲ್ಲಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಸಾಂತ್ರ್ ದಾರ್ ಎಂಬ ಕಲಾಕೇಂದ್ರ ಶುರುವಾಗಿತ್ತು, ಅಲ್ಲಿಂದ ಆತನ ಚಿತ್ರ ಜಗತ್ತಿಗೆ ಹೋಯಿತು. ಜಮೈಕಾದ ಜಾನ್ ಡಂಕ್ಲಿ ಕಿಂಗ್‌ಸ್ಟನ್‌ನಲ್ಲಿ ಕ್ಷೌರದಂಗಡಿ ಇಟ್ಟಿದ್ದವನು; ಇನ್‌ಸ್ಟಿಟ್ಯೂಟ್ ಆಫ್ ಜಮೈಕಾದವರ ಕಣ್ಣಿಗೆ ಬಿದ್ದ. ಅದೇ ಜಮೈಕಾದ ಕಾಪೊ ರೆನಾಲ್ಡ್ಸ್ ರಿವೈವಲ್ ಪಂಥದ ಧರ್ಮಗುರು, ಚಿತ್ರಕಾರ, ಶಿಲ್ಪಿ. ಅಲ್ಲಿನ ನ್ಯಾಷನಲ್ ಗ್ಯಾಲರಿ ಅವನ ಕೆಲಸವನ್ನು ಒಟ್ಟಾಗಿ ಕೊಂಡು ಇಟ್ಟುಕೊಂಡಿತು.

ವಾಲ್ಟರ್‌ಗೂ ಇವರಿಗೂ ಇದ್ದ ವ್ಯತ್ಯಾಸ ಪ್ರತಿಭೆಯದಲ್ಲ. ಅವರ ಊರಲ್ಲಿ ನೋಡುವವರೊಬ್ಬರು ಇದ್ದರು, ಇಡಲು ಒಂದು ಗೋಡೆ ಇತ್ತು. ಆಂಟಿಗಾ ಸ್ವತಂತ್ರ ದೇಶವಾದದ್ದೇ 1981ರಲ್ಲಿ. ಚಿತ್ರ ಕೊಳ್ಳುವ, ಕಾಪಿಡುವ ಅಂಥ ವ್ಯವಸ್ಥೆ ಆ ಪುಟ್ಟ ದ್ವೀಪದಲ್ಲಿ ಬೆಳೆದಿರಲಿಲ್ಲ. ವಾಲ್ಟರ್ ಚಿತ್ರ ಬರೆದ, ಫ್ರೇಮನ್ನೂ ತಾನೇ ಮಾಡಿದ, ತನ್ನ ಇತಿಹಾಸವನ್ನು ಟೈಪಿಸಿದ, ತನ್ನ ದನಿಯನ್ನು ಟೇಪಿಗೆ ಹಾಕಿದ, ತನ್ನ ವಂಶಾವಳಿಯನ್ನು ತಾನೇ ಸಿದ್ಧಪಡಿಸಿದ. ಸಂಗ್ರಹಾಲಯದ ಗುಮಾಸ್ತ, ಪ್ರದರ್ಶನ ಜೋಡಿಸುವ ಕ್ಯುರೇಟರ್, ಜೀವನಚರಿತ್ರೆಕಾರ ಎಲ್ಲ ಒಬ್ಬನೇ. ಬಿರುದಿನ ಪ್ರಶಸ್ತಿಪತ್ರ ಕೂಡ ಒಳಗಿನದೇ ಉತ್ಪನ್ನ!

1993ರಲ್ಲಿ ಫಾಲ್ಮತ್ ಬಂದರು ಕಾಣುವ ಬೇಲೀಸ್ ಹಿಲ್ ಮೇಲೆ ಮನೆ ಕಟ್ಟಿಕೊಂಡು, ಇದೆಲ್ಲವನ್ನೂ ಒಳಗೆ ತುಂಬಿದ. ಕೆಳಗೆ ಬಂದರಿನಲ್ಲಿ ಶ್ರೀಮಂತರ ವಿಹಾರ ದೋಣಿಗಳು. ಮೇಲೆ ಈತ, ರಟ್ಟಿನ ಮೇಲೆ ಅದೇ ಕಡಲು ಬರೆಯುತ್ತ.

ಆಮೇಲೆ

ಕೊನೆಯ ವರ್ಷಗಳಲ್ಲಿ ಅಮೆರಿಕದ ಕಲಾ ಇತಿಹಾಸಕಾರ್ತಿ ಬಾರ್ಬರಾ ಪಾಕಾ ಗುಡ್ಡ ಹತ್ತಿ ಹೋದರು. ಕೂತು ಮಾತಾಡಿಸಿದರು. ಆತ ಹೋದ ಮೇಲೆ ಕುಟುಂಬದವರ ಜೊತೆ ಸೇರಿ ಕೆಲಸವನ್ನು ಜೋಪಾನ ಮಾಡಿದರು. 2013ರಲ್ಲಿ ಎಡಿನ್‌ಬರೋದ ಇಂಗಲ್ಬಿ ಗ್ಯಾಲರಿಯಲ್ಲಿ ಪ್ರದರ್ಶನ ಆಯಿತು. ತಾನು ಸ್ಕಾಟ್ಲೆಂಡಿನವನು ಅಂತ ನಂಬಿದ್ದವನ ಚಿತ್ರಗಳು ಸ್ಕಾಟ್ಲೆಂಡಿನ ಗೋಡೆಗೆ ಬಂದವು. ಅದನ್ನು ನೋಡಲು ಆತ ಇರಲಿಲ್ಲ. 2017ರ ವೆನಿಸ್ ಮಂಟಪದ ಕ್ಯುರೇಟರ್ ಕೂಡ ಪಾಕಾ ಅವರೇ. ನಂತರ 2020ರಲ್ಲಿ ಫ್ರಾಂಕ್‌ಫರ್ಟಿನ ಆಧುನಿಕ ಕಲಾ ಮ್ಯೂಸಿಯಂ, 2023ರಲ್ಲಿ ಲಂಡನ್ನಿನ ಗಾರ್ಡನ್ ಮ್ಯೂಸಿಯಂ, 2024ರಲ್ಲಿ ನ್ಯೂಯಾರ್ಕಿನ ಡ್ರಾಯಿಂಗ್ ಸೆಂಟರ್.

ವೆನಿಸ್ ಪ್ರದರ್ಶನದ ಹೆಸರಿನಲ್ಲಿ ಆತನನ್ನು ‘ಕೊನೆಯ ವಿಶ್ವಮಾನವ’ ಎನ್ನುವ ಅರ್ಥದಲ್ಲಿ ಕರೆದರು. ನನಗೆ ಅದು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಒಂದು ಕಡೆ ಹುಚ್ಚ, ಇನ್ನೊಂದು ಕಡೆ ವಿಶ್ವಮಾನವ. ನಡುವೆ ಇದ್ದ ತೋಟದ ಮ್ಯಾನೇಜರ್ ಎಲ್ಲಿ ಹೋದ? ಗಾರ್ಡನ್ ಮ್ಯೂಸಿಯಂನವರು ತಮ್ಮ ಪ್ರದರ್ಶನದ ಹೆಸರಿನಲ್ಲಿ ‘ತೋಟಗಾರ’ ಎಂಬ ಮಾತನ್ನೂ ಸೇರಿಸಿದರು. ಆತನ ಮರಗಳನ್ನು ನೋಡುವಾಗ ಇದೇ ಸರಿಯಾದ ಮಾತು. ಮಣ್ಣು ಗೊತ್ತಿದ್ದವನು ಬರೆದ ಮರಗಳು ಅವು.

ಇನ್ನು ಕಾಗದ, ಟೇಪುಗಳು. ದಿನಕ್ಕೆ ಎಂಟು ಗಂಟೆ ಕೂತು ಕೇಳಿದರೂ ಆತನ ಟೇಪುಗಳು ಮುಗಿಯಲು ಸುಮಾರು ಎರಡು ತಿಂಗಳು ಬೇಕು. ದಿನಕ್ಕೆ ನೂರು ಪುಟ ಓದಿದರೆ ಬರವಣಿಗೆಗೆ ಐನೂರು ದಿನ.